ಆರ್ವಿಲ್ ಹಂಚಿದ ಮರಗಳು

ಆ ಗುರುವಾರ ಆರ್ವಿಲ್ ಗಾಸ್ನೆಲ್ ಹೆಂಡತಿಯ ಹುರಳಿಕಾಯಿ ಸಸಿಗಳಿಗೆ ತನ್ನ ಹಳೆಯ ಪ್ಯಾಂಟುಗಳನ್ನು ಹೊದಿಸುತ್ತಿದ್ದ. ಒಂದಲ್ಲ, ಆರು ಪ್ಯಾಂಟು. ಸಾಲಿನುದ್ದಕ್ಕೂ ಕಾಲು ಚಾಚಿ ಮಲಗಿದ ಆರು ಜನರಂತೆ ಕಾಣುತ್ತಿದ್ದವು.

ಡಾಗ್‌ವುಡ್ ಮರ ಹೂ ಬಿಟ್ಟ ಮೇಲೆ ಚಳಿ ಒಂದು ಸಲ ತಿರುಗಿ ಬರುತ್ತದೆ, ಅದು ಹೋಗುವ ತನಕ ಬೀಜ ಹಾಕಬೇಡ ಎಂದು ಟೆನೆಸಿಯ ಆ ಗುಡ್ಡಸೀಮೆಯಲ್ಲಿ ಪ್ರತಿಯೊಬ್ಬ ಗಂಡನೂ ಹೆಂಡತಿಗೆ ಹೇಳುತ್ತಾನೆ. ಆರ್ವಿಲ್ ನಲವತ್ತೊಂದು ವರ್ಷದಿಂದ ಹೇಳಿದ್ದ. ಓಮಾ ನಲವತ್ತೊಂದು ವರ್ಷದಿಂದ ಕೇಳಿರಲಿಲ್ಲ. ಡಾಗ್‌ವುಡ್ ಚಳಿ ಬಂತು. ಆರ್ವಿಲ್ ಪ್ಯಾಂಟು ತಂದ.

"ನಾಳೆ ಚರ್ಚಿಗೆ ಹೋಗೋರೆಲ್ಲ ನೋಡ್ತಾರೆ," ಎಂದ. "ಗಾಸ್ನೆಲ್ ಹೆಂಡ್ತಿ ಆರು ಗಂಡಸರನ್ನ ಹೂತಿದ್ದಾಳೆ ಅಂತಾರೆ."

"ಆ ಪ್ಯಾಂಟು ಒಗೆದು ಎಷ್ಟು ದಿನ ಆಯ್ತೋ," ಎಂದಳು ಓಮಾ. "ಚಳಿಗೆ ಸಾಯದೆ ಉಳಿದ್ರೂ ಅದರ ನಾತಕ್ಕೆ ಸಾಯ್ತವೆ."

ನಾಳೆ ಶುಕ್ರವಾರ, ಚರ್ಚಿಗೆ ಯಾರೂ ಹೋಗುವುದಿಲ್ಲ ಎಂದು ಅವಳು ಹೇಳಲಿಲ್ಲ. ಹೇಳಿದರೆ ಅದಕ್ಕೂ ಅವನ ಹತ್ತಿರ ಒಂದು ಮಾತಿರುತ್ತಿತ್ತು.

ಆರ್ವಿಲ್‌ಗೆ ಅರವತ್ತೆಂಟು. ಇಪ್ಪತ್ತೆಂಟು ವರ್ಷ ಕೌಂಟಿಯ ಗ್ರೇಡರ್ ಓಡಿಸಿ ಮಣ್ಣಿನ ರಸ್ತೆಗಳನ್ನು ಕೆರೆದು ಸಮ ಮಾಡಿದವನು. ಹಿಮ ಬಿದ್ದಾಗ ಅದರಲ್ಲೇ ಹಿಮ ಸರಿಸುತ್ತಿದ್ದ: ಮೊದಲು ಚರ್ಚಿನ ದಾರಿ, ಆಮೇಲೆ ಶಾಲೆಯ ದಾರಿ, ಆಮೇಲೆ ಉಳಿದವು. ಹೋಯ್ಟ್ ಲೆಡ್‌ಫರ್ಡ್‌ನ ಮನೆ ದಾರಿ ಮಾತ್ರ ಚೆಕರ್ಸ್ ಆಟದ ಮೇಲೆ ನಿಂತಿತ್ತು. ಹೋಯ್ಟ್ ಅವನ ಆಪ್ತ ಗೆಳೆಯ, ಚರ್ಚಿನ ಹಿರಿಯ. ಅಂಗಡಿಯ ಒಲೆ ಪಕ್ಕ ಸೋಡಾ ಬಾಟಲಿಯ ಮುಚ್ಚಳಗಳನ್ನೇ ಕಾಯಿ ಮಾಡಿಕೊಂಡು ಇಬ್ಬರೂ ಆಡುತ್ತಿದ್ದರು. ಹೋಯ್ಟ್ ಗೆದ್ದ ವಾರ ಹಿಮ ಬಿದ್ದರೆ ಅವನು ಮೂರು ದಿನ ಮನೆಯಲ್ಲೇ ಕೂರಬೇಕಿತ್ತು.

ಆರ್ವಿಲ್‌ಗೆ ಇದ್ದದ್ದು ಒಂದೇ ಹುಚ್ಚು. ಮದುವೆಯಾದ ವರ್ಷ ಬೆಟ್ಟದ ಮೇಲಿನ ಟರ್ಕಿಪೆನ್ ಕಾಡಿನಿಂದ ಒಂದು ಡಾಗ್‌ವುಡ್ ಸಸಿ ಕಿತ್ತು ತಂದು ಓಮಾಳ ಅಡುಗೆಮನೆ ಕಿಟಕಿಯ ಮುಂದೆ ನೆಟ್ಟ. ಅದು ಬದುಕಿತು. ಏಪ್ರಿಲ್ ಬಂದರೆ ಎಲೆಗಿಂತ ಮೊದಲು ಹೂ, ಮರದ ತುಂಬ ಬಿಳಿ. ಅಂದಿನಿಂದ ಅವನ ಕೈ ಸುಮ್ಮನಿರಲಿಲ್ಲ. ಯಾರ ಮನೆಯಲ್ಲಿ ಮದುವೆಯಾದರೂ ಒಂದು ಸಸಿ. ಮಗು ಹುಟ್ಟಿದರೆ ಒಂದು. ಹೊಸ ಪಾದ್ರಿ ಬಂದರೆ ಒಂದು, ಹಳೆಯ ಪಾದ್ರಿ ಹೋದರೆ ಖುಷಿಗೆ ಒಂದು. ಬೇರನ್ನು ಕಾಡಿನ ಮಣ್ಣಿನ ಸಮೇತ ಗೋಣಿಚೀಲದಲ್ಲಿ ಸುತ್ತಿ ಪಿಕಪ್ ಗಾಡಿಯಲ್ಲಿ ಹಾಕಿಕೊಂಡು ಹೋಗುತ್ತಿದ್ದ. ಯಾರನ್ನೂ ಕೇಳುತ್ತಿರಲಿಲ್ಲ. ಮನೆಯವರು ಇಲ್ಲದಿದ್ದರೆ ತಾನೇ ಗುಂಡಿ ತೋಡಿ ನೆಟ್ಟು ನೀರು ಹಾಕಿ ಬರುತ್ತಿದ್ದ. ಪೇಟೆಗೆ ಹೋದವರು ತಿರುಗಿ ಬಂದರೆ ಅಂಗಳದಲ್ಲಿ ಒಂದು ಮರ. ವೆಸ್ಟಾ ಕ್ರೋ ಎಂಬ ವಿಧವೆಯ ಅಂಗಳದಲ್ಲಿ ಹಾಗೆ ತೋಡುವಾಗ ಪಾಯಿಖಾನೆಯ ಕೊಳವೆ ಒಡೆಯಿತು. ವೆಸ್ಟಾ ಒಂದು ವರ್ಷ ಬೈದಳು. ಮರ ಮಾತ್ರ ಆ ಊರಿನ ಯಾವ ಮರಕ್ಕಿಂತಲೂ ಚೆನ್ನಾಗಿ ಬಂತು.

ಮೂರು ವರ್ಷದಿಂದ ಮೇಲಿನ ಕಾಡಿನಲ್ಲಿ ಡಾಗ್‌ವುಡ್‌ಗಳು ಕಂದಾಗುತ್ತಿದ್ದವು. ವಸಂತದಲ್ಲಿ ಚಿಗುರಿದ ಎಲೆ ಸುಟ್ಟಂತೆ ಮುದುಡುತ್ತಿತ್ತು. ಚಳಿ ಹೊಡೆದಿದೆ, ಡಾಗ್‌ವುಡ್ ಚಳಿ ಈ ವರ್ಷ ಜೋರು, ಮುಂದಿನ ವರ್ಷ ಸರಿಹೋಗುತ್ತದೆ ಎಂದು ಊರವರೆಲ್ಲ ಅಂದರು. ಅವರ ಅಪ್ಪಂದಿರೂ ಹಾಗೇ ಅಂದಿದ್ದರು. ಆರ್ವಿಲ್ ಒಂದು ಹೆಜ್ಜೆ ಮುಂದೆ ಹೋದ. ಮೇಲೆ ಚಳಿ ಹೆಚ್ಚಾದರೆ ಕೆಳಗೆ ತಂದರಾಯಿತು. ಪಾಪದ ಮರಿಗಳು ಅಲ್ಲಿ ನಡುಗುತ್ತಿವೆ, ಇಲ್ಲಿ ಬಿಸಿಲಿದೆ. ಮದುವೆ, ಮಗು ಎಂದು ಕಾಯಲಿಲ್ಲ. ಮೂರು ವಸಂತದಲ್ಲಿ ಮೂವತ್ತೇಳು ಸಸಿ ಇಳಿಸಿದ. ಕಣಿವೆಯಲ್ಲಿ ಅವನ ಮರವಿಲ್ಲದ ಅಂಗಳ ಉಳಿಯಲಿಲ್ಲ. ಚಳಿಯಿಂದ ಕಾಪಾಡಿದೆ ಎಂದು ಅವನಿಗೆ ಮೀಸೆ ತಿರುವುವಷ್ಟು ಹೆಮ್ಮೆ. ಮೀಸೆ ಇರಲಿಲ್ಲ, ಅಷ್ಟೆ.

ಓಮಾಗೆ ನಂಬಿಕೆ ಬರಲಿಲ್ಲ. ಅವಳದು ಹಲ್ಲುಕಡ್ಡಿಯ ಲೆಕ್ಕ. ಅವಳು ನಶ್ಯ ಹಾಕುತ್ತಿದ್ದಳು, ಮೂಗಿಗಲ್ಲ, ಬಾಯಿಗೆ. ಅವಳ ಅಮ್ಮ, ಅಜ್ಜಿ ಹಾಕಿದಂತೆ ಡಾಗ್‌ವುಡ್ ಕಡ್ಡಿಯ ತುದಿಯನ್ನು ಜಗಿದು ಕುಂಚ ಮಾಡಿ, ನಶ್ಯದ ಡಬ್ಬಿಯಲ್ಲಿ ಅದ್ದಿ, ವಸಡಿಗೆ ಹಚ್ಚುವುದು. ವಾರಕ್ಕೊಂದು ಹಸಿ ಕಡ್ಡಿ ಬೇಕು. ಕೈಗೆ ಸಿಗುವ ಕೆಳಗಿನ ಕೊಂಬೆಯಿಂದ ಮುರಿಯುತ್ತಿದ್ದಳು. ಎರಡು ವರ್ಷದಿಂದ ಆರ್ವಿಲ್ ಹೊಸದಾಗಿ ತಂದ ಮರಗಳಲ್ಲಿ ಕೆಳಗಿನ ಕಡ್ಡಿ ಒಂದೂ ಹಸಿಯಿರಲಿಲ್ಲ. ಮುರಿದರೆ ಬಿಸ್ಕತ್ತಿನಂತೆ ಪುಡಿ. ಸತ್ತ ಎಲೆ ಉದುರದೆ ಚಳಿಗಾಲವೆಲ್ಲ ಕೊಂಬೆಗೆ ನೇತಾಡುತ್ತಿತ್ತು. ಹಸಿರೆಲೆಯ ಮೇಲೆ ಕಂದು ಚುಕ್ಕೆ, ಚುಕ್ಕೆಗೆ ನೇರಳೆ ಅಂಚು. ಪಕ್ಕದಲ್ಲಿದ್ದ ಸೇಬು, ಮೇಪಲ್ ಎಲ್ಲ ನೆಟ್ಟಗಿದ್ದವು. ಚಳಿ ಆದರೆ ಎಲ್ಲಕ್ಕೂ ಆಗಬೇಕಲ್ಲ, ಡಾಗ್‌ವುಡ್ ಒಂದಕ್ಕೇ ಹೇಗೆ ಆಗುತ್ತದೆ ಎಂದು ಅವಳು ಕೇಳಿದಳು. ಡಾಗ್‌ವುಡ್ ಸೂಕ್ಷ್ಮ ಜಾತಿ, ನಿನ್ನ ಹಾಗಲ್ಲ ಎಂದ ಆರ್ವಿಲ್.

ಆ ತಿಂಗಳ ಮೊದಲಲ್ಲಿ ಅವಳು ಗಂಡನಿಗೆ ಹೇಳದೆ ನಾಲ್ಕು ಎಲೆ, ಒಂದು ಕಡ್ಡಿ ಕಾಗದದ ಚೀಲದಲ್ಲಿ ಹಾಕಿ ಕೌಂಟಿಯ ಕೃಷಿ ಕಚೇರಿಗೆ ಅಂಚೆಯಲ್ಲಿ ಕಳಿಸಿದಳು. ಪ್ಯಾಂಟು ಹೊದಿಸಿದ ಆ ಗುರುವಾರ ಮಧ್ಯಾಹ್ನ ಫೋನು ಬಂತು.

ಕಚೇರಿಯವನ ಹೆಸರು ವೆಂಡೆಲ್ ಪ್ರೂಯಿಟ್. ಮೆತ್ತಗೆ ಮಾತಾಡುವವನು. ಚಳಿಯಲ್ಲ, ಶಿಲೀಂಧ್ರ ಎಂದ. ಹಾಗೆಂದರೇನು ಎಂದಳು. ಒಂದು ಬಗೆಯ ಬೂಷ್ಟು ಎಂದ.

"ಬ್ರೆಡ್ಡಿಗೆ ಹಿಡಿಯುತ್ತಲ್ಲ, ಅದಾ?"

"ಅದರ ದಾಯಾದಿ ಅನ್ಕೊಳ್ಳಿ ಅಮ್ಮ."

ಎಲ್ಲಿಂದಲೋ ಹೊರದೇಶದಿಂದ ಬಂದದ್ದು, ಕಾಡಿನ ತಂಪಿನಲ್ಲಿ, ನೆರಳಿನಲ್ಲಿ, ಮಂಜಿನಲ್ಲಿ ಹಬ್ಬುತ್ತದೆ. ಕೆಳಗಿನ ಕೊಂಬೆಯಲ್ಲಿ ಶುರುವಾಗಿ ಮೇಲೇರುತ್ತದೆ. ಸಾಯುವ ಮರ ಕಾಂಡದ ಮೇಲೆಲ್ಲ ಎಳೆ ಚಿಗುರು ಬಿಡುತ್ತದೆ, ಬದುಕಿತು ಎಂದು ಜನ ಖುಷಿಪಡುತ್ತಾರೆ. ರೋಗ ಆ ಚಿಗುರಿನ ಬಾಗಿಲಿಂದಲೇ ಕಾಂಡಕ್ಕೆ ಹೊಕ್ಕು ಮರವನ್ನು ಕೊಲ್ಲುತ್ತದೆ. ಬಿಸಿಲಿರುವ ಅಂಗಳದಲ್ಲಿ, ನೋಡಿಕೊಳ್ಳುವ ಕೈಯಿದ್ದರೆ, ಉಳಿಯಬಹುದು. ಇಷ್ಟು ಹೇಳಿ ಅವನು ಕೇಳಿದ:

"ಮೇಲಿನ ಕಾಡಿಂದ ಯಾರಾದ್ರೂ ಗಿಡ ಕಿತ್ತು ಕೆಳಗೆ ತರ್ತಾರಾ ಅಮ್ಮ? ಅದು ಮೊದಲು ನಿಲ್ಲಬೇಕು."

ಓಮಾ ಕಿಟಕಿಯಾಚೆ ನೋಡಿದಳು. ಆರ್ವಿಲ್ ಆರನೆಯ ಪ್ಯಾಂಟಿಗೆ ಕಲ್ಲು ಹೇರುತ್ತಿದ್ದ.

"ಒಬ್ಬ ತರ್ತಾನೆ," ಎಂದಳು.

"ಅವರಿಗೆ ನೀವು ಹೇಳ್ತೀರಾ?"

"ಹೇಳ್ತೀನಿ."

ರಾತ್ರಿ ಊಟಕ್ಕೆ ಬೇಯಿಸಿದ ಕಾಳು, ಮುಸುಕಿನ ಜೋಳದ ಬ್ರೆಡ್ಡು, ಮಜ್ಜಿಗೆ. ಫೋನು ಯಾರದು ಎಂದು ಆರ್ವಿಲ್ ಕೇಳಿದ. ರಾಂಗ್ ನಂಬರ್ ಎಂದಳು ಓಮಾ. ರಾಂಗ್ ನಂಬರಿನ ಜೊತೆ ಹತ್ತು ನಿಮಿಷ ಮಾತಾಡುತ್ತೀಯ, ನನ್ನ ಜೊತೆ ಎರಡಕ್ಕೇ ಬೇಸರ ಎಂದು ಅವನು ನಕ್ಕ. ಶನಿವಾರ ಮೇಲೆ ಹೋಗಿ ಪಾದ್ರಿಯ ಹೆಂಡತಿಗೆ ಇನ್ನೂ ನಾಲ್ಕು ಸಸಿ ತರುತ್ತೇನೆ ಎಂದ. ಹೇಳಲು ಅವಳು ಬಾಯಿ ತೆರೆದಳು. ಅವನು ಬ್ರೆಡ್ಡನ್ನು ಮಜ್ಜಿಗೆಯಲ್ಲಿ ಪುಡಿಮಾಡಿ ಚಮಚದಲ್ಲಿ ಮೊಗೆದು ಕಣ್ಣುಮುಚ್ಚಿ ತಿನ್ನುತ್ತಿದ್ದ. ತಿನ್ನಲಿ, ನಾಳೆ ಹೇಳೋಣ ಎಂದುಕೊಂಡಳು.

ಶುಕ್ರವಾರ ಬೆಳಗ್ಗೆ ಅವನು ಜಗಲಿಯ ಮೆಟ್ಟಿಲ ಮೇಲೆ ಬೂಟು ಕಟ್ಟಿಕೊಳ್ಳಲು ಕೂತ. ಓಮಾ ಒಳಗೆ ಮೊಟ್ಟೆ ಹುರಿಯುತ್ತಿದ್ದಳು. ಕರೆದಳು. ಎರಡು ಸಲ ಕರೆದಳು. ಹೊರಗೆ ಬಂದು ನೋಡಿದರೆ ಒಂದು ಬೂಟಿಗೆ ದಾರ ಕಟ್ಟಿತ್ತು. ಇನ್ನೊಂದಕ್ಕೆ ಇರಲಿಲ್ಲ.

ಅದಕ್ಕಿಂತ ಹೆಚ್ಚು ಹೇಳಲು ಏನೂ ಇಲ್ಲ. ಮೊಟ್ಟೆ ಸೀದುಹೋಯಿತು.

ಭಾನುವಾರ ಮಣ್ಣು ಮಾಡಿದರು. ಇಡೀ ಕಣಿವೆ ಬಂತು. ಸಾವಿನ ಮನೆಗೆ ಯಾರೂ ಬರಿಗೈಯಲ್ಲಿ ಬರುವುದಿಲ್ಲ. ಮೂರು ಹಂದಿತೊಡೆ, ಐದು ಬಟ್ಟಲು ಆಲೂಗಡ್ಡೆ, ಬೇಯಿಸಿದ ಮೊಟ್ಟೆಯ ತಟ್ಟೆಗಳು ಎಷ್ಟೋ. ಒಂದೊಂದು ಪಾತ್ರೆಯ ಅಡಿಗೂ ಅಂಟುಪಟ್ಟಿ, ಅದರ ಮೇಲೆ ಮನೆಯವರ ಹೆಸರು. ಉಂಡಾದ ಮೇಲೆ ತೊಳೆದು ಅವರವರ ಮನೆಗೆ ಮುಟ್ಟಿಸಬೇಕು. ಒಬ್ಬಳೇ ಹೆಂಗಸು, ಆಲೂಗಡ್ಡೆ ಐದು ಬಟ್ಟಲು. ಸತ್ತವನು ಬದುಕಿದ್ದರೆ ಮೂರನ್ನು ಅವನೇ ಮುಗಿಸುತ್ತಿದ್ದ.

ಗೋರಿಯ ಬಳಿ ಹೋಯ್ಟ್ ಟೊಪ್ಪಿ ತೆಗೆದು ಎದ್ದುನಿಂತ. ಬ್ರದರ್ ಆರ್ವಿಲ್ ಈ ಕಣಿವೆಗೆ ಕೊಟ್ಟದ್ದಕ್ಕೆ ನಾವು ಏನು ಕೊಡಬಲ್ಲೆವು ಎಂದ. ಕಾಡಿನಲ್ಲಿ ಚಳಿಗೆ ನಡುಗುತ್ತಿರುವ ಸಸಿಗಳನ್ನು ಅವನಂತೆ ನಾವೂ ಇಳಿಸೋಣ, ಚರ್ಚಿನ ದಾರಿಯ ಎರಡೂ ಬದಿ ನೆಡೋಣ, ಆರ್ವಿಲ್ ಸಾಲು ಎಂದು ಕರೆಯೋಣ, ಮುಂದಿನ ಶನಿವಾರ ಬಿಟ್ಟು ಅದರ ಮುಂದಿನ ಶನಿವಾರ ಎಲ್ಲರೂ ಸಲಿಕೆ ತನ್ನಿ ಎಂದ. ಹೆಂಗಸರು ಅತ್ತರು. ಓಮಾಳ ಕಣ್ಣೀರು ಮಾತ್ರ ಆಗ ನಿಂತಿತು.

ಹನ್ನೆರಡು ದಿನ ಇತ್ತು. ಹೇಳಿದರೆ ಗಂಡನ ಹೆಸರು ಹೋಗುತ್ತದೆ. ಜನ ನೆನೆಯುವುದೇ ಆ ಮರಗಳಿಂದ. ಹೇಳದಿದ್ದರೆ ಇನ್ನೊಂದಿಷ್ಟು ಬೂಷ್ಟು ಅವನ ಹೆಸರಲ್ಲೇ ಊರಿಗೆ ಇಳಿಯುತ್ತದೆ. ಮನೆಗಳಿಗೆ ಹೋಗಿ ಒಬ್ಬೊಬ್ಬರಿಗೆ ಹೇಳಿದರೆ ಸುಲಭ ಎಂದುಕೊಂಡಳು. ಪಾತ್ರೆಗಳಂತೂ ಇದ್ದವು.

ಮೊದಲು ವೆಸ್ಟಾ ಕ್ರೋಳ ಬಟ್ಟಲು. ವೆಸ್ಟಾ ಅವಳನ್ನು ಮರದ ಕೆಳಗೇ ಕೂರಿಸಿದಳು. ಹಳೆಯ ಮರ ಚೆನ್ನಾಗಿತ್ತು. ಪಕ್ಕದಲ್ಲಿ ಆರ್ವಿಲ್ ಎರಡು ವರ್ಷದ ಕೆಳಗೆ ನೆಟ್ಟ ಎರಡು ಮರಗಳ ಕೊಂಬೆಗಳೆಲ್ಲ ಒಣಗಿ, ಕಾಂಡದ ತುಂಬ ಎಳೆ ಚಿಗುರು.

"ನೋಡೇ, ಹೇಗೆ ಚಿಗುರಿದೆ," ಎಂದಳು ವೆಸ್ಟಾ. "ಅವನು ಹೋದ್ರೂ ಅವನ ಕೈಗುಣ ಹೋಗ್ಲಿಲ್ಲ."

ಓಮಾ ಕಾಫಿ ಕುಡಿದು ಎದ್ದು ಬಂದಳು.

ಮುಂದಿನ ಮನೆಯಲ್ಲಿ ಮಗುವಿಗೆ ಆರ್ವಿಲ್ ಎಂದು ಹೆಸರಿಡುತ್ತೇವೆ ಎಂದರು. ಅದರ ಮುಂದಿನ ಮನೆಯಲ್ಲಿ ಮರಕ್ಕೆ ಕಪ್ಪು ರಿಬ್ಬನ್ ಕಟ್ಟಿದ್ದರು. ಪ್ರತಿ ಮನೆಯಲ್ಲೂ ಕಾಫಿ, ಪ್ರತಿ ಮನೆಯಲ್ಲೂ ಒಂದು ಕಾಯಿಲೆ ಮರ, ಪ್ರತಿ ಮನೆಯಲ್ಲೂ ಚಳಿ ಹೊಡೆದಿದೆ ಅಷ್ಟೇ ಎನ್ನುವ ಮಾತು. ಹದಿನಾಲ್ಕು ಪಾತ್ರೆ ಮುಟ್ಟಿಸಿದಳು. ಹದಿನಾಲ್ಕು ಸಲವೂ ಮಾತು ನುಂಗಿ ಬಂದಳು. ಕಾಫಿ ಕುಡಿದು ಕುಡಿದು ನಿದ್ದೆ ಹೋಯಿತು, ಎದೆ ಹೊಡೆದುಕೊಂಡಿತು. ಇದು ದುಃಖ ಎಂದು ಪಾದ್ರಿ ಸಮಾಧಾನ ಹೇಳಿದ.

ಕೊನೆಗೆ ಹೋಯ್ಟ್‌ನ ಹತ್ತಿರ ಪಂಚಾಂಗದ ನೆಪ ಹೇಳಿದಳು. ಚಂದ್ರ ಆ ಶನಿವಾರ ಒಳ್ಳೆಯ ರಾಶಿಯಲ್ಲಿಲ್ಲ, ನೆಟ್ಟದ್ದು ಹತ್ತುವುದಿಲ್ಲ. ಆ ಸೀಮೆಯಲ್ಲಿ ಆಲೂಗಡ್ಡೆ ಹಾಕುವುದಕ್ಕೂ ಹಲ್ಲು ಕೀಳಿಸುವುದಕ್ಕೂ ರಾಶಿ ನೋಡುತ್ತಾರೆ. ಹೋಯ್ಟ್ ಗೋಡೆಯ ಮೇಲಿನ ಪಂಚಾಂಗ ಇಳಿಸಿ ಕನ್ನಡಕ ಹಾಕಿ ನೋಡಿದ. ರಾಶಿ ಬೊಂಬಾಟಾಗಿತ್ತು.

"ಸಿಸ್ಟರ್ ಓಮಾ, ನೀವು ಹೋದ ವರ್ಷದ್ದು ನೋಡಿದೀರ," ಎಂದ.

ಆ ಶನಿವಾರ ಬಂತು. ಓಮಾ ಚರ್ಚಿನ ದಾರಿಗೆ ಹೋದಾಗ ಮೂವತ್ತೆರಡು ಗುಂಡಿ ಆಗಲೇ ತೋಡಿಯಾಗಿತ್ತು. ಸಾಲು ನೆಟ್ಟಗಿರಲೆಂದು ಹೋಯ್ಟ್ ದಾರ ಕಟ್ಟಿದ್ದ. ಪಿಕಪ್ಪಿನಲ್ಲಿ ಗೋಣಿ ಸುತ್ತಿದ ಮೂವತ್ತೆರಡು ಸಸಿ. ಅವಳಿಗೆಂದು ಮೊದಲ ಗುಂಡಿಯ ಹತ್ತಿರ ಒಂದು ಕುರ್ಚಿ. ಅದರ ಮೇಲೆ ದಿಂಬು.

ಅವಳು ಕೂರಲಿಲ್ಲ. ಪಿಕಪ್ಪಿನ ಹತ್ತಿರ ಹೋಗಿ ಮೊದಲ ಸಸಿಯ ಕೆಳಗಿನ ಕಡ್ಡಿ ಮುರಿದಳು. ಟಕ್ಕೆಂದಿತು. ಇನ್ನೊಂದು ಸಸಿ. ಟಕ್. ಎಲ್ಲರೂ ನೋಡುತ್ತಿದ್ದರು. ನಶ್ಯಕ್ಕೆ ಕಡ್ಡಿ ಬೇಕೇನೋ ಎಂದು ಯಾರೋ ಅಂದರು.

"ಇವು ಚಳಿಗೆ ಒಣಗಿದ್ದಲ್ಲ," ಎಂದಳು ಓಮಾ. "ಬೂಷ್ಟು ರೋಗ. ಕೃಷಿ ಕಚೇರಿಯೋನು ನೋಡಿ ಹೇಳಿದ. ಮೇಲಿಂದ ಒಂದು ಗಿಡಾನೂ ಇಳಿಸಬಾರದು ಅಂದ. ಇಷ್ಟು ದಿನ ಇಳಿಸಿದೋನು ಆರ್ವಿಲ್. ನಿಮ್ಮನಿಮ್ಮ ಅಂಗಳಕ್ಕೆ ತಂದು ಇಟ್ಟೋನು ಅವನೇ. ಅವನಿಗೆ ಗೊತ್ತಿರಲಿಲ್ಲ. ನನಗೆ ಅವನು ಸಾಯೋ ಹಿಂದಿನ ದಿನ ಗೊತ್ತಾಯ್ತು. ಹೇಳ್ಲಿಲ್ಲ. ಅಷ್ಟೇ ನನ್ನ ಮಾತು."

ಹೋಯ್ಟ್‌ನ ಮುಖ ಕೆಂಪಗಾಯಿತು.

"ಬ್ರದರ್ ಆರ್ವಿಲ್ ಇನ್ನೂ ಮಣ್ಣಲ್ಲಿ ಮಣ್ಣಾಗಿಲ್ಲ," ಎಂದ. "ಆಗಲೇ ಅವನ ಮೇಲೆ ಹೊರಿಸ್ತೀರಲ್ಲ ಸಿಸ್ಟರ್."

"ಅವನ ಹೆಂಡ್ತಿ ನಾನು. ಬೇರೆ ಯಾರು ಹೊರಿಸಿದ್ರೂ ನಾನೇ ಹಲ್ಲು ಉದುರಿಸ್ತಿದ್ದೆ."

ಹೋಯ್ಟ್ ಜೇಬಿನಿಂದ ಚಾಕು ತೆಗೆದು ಒಂದು ಸಸಿಯ ಕಾಂಡದ ಸಿಪ್ಪೆ ಕೆರೆದ. ಹಸಿರಿರಬೇಕಾದ ಕಡೆ ಕಂದು. ಇನ್ನೊಂದು ಕೆರೆದ. ಮತ್ತೊಂದು. ಹತ್ತು ಕೆರೆದ ಮೇಲೆ ಚಾಕು ಮಡಿಸಿ ಪಿಕಪ್ಪಿನ ಹಿಂಬದಿ ಅಂಚಿನ ಮೇಲೆ ಕೂತ. ಎರಡು ದಿನದಿಂದ ಅಗೆದು ಸೊಂಟ ಮುರಿದುಕೊಂಡವನು.

"ನಮ್ಮ ಮನೇದು?" ಎಂದು ಒಬ್ಬಳು ಕೇಳಿದಳು. "ನಮ್ಮದು ಮೂರಿದೆ," ಎಂದ ಇನ್ನೊಬ್ಬ. ಪಾದ್ರಿಯ ಹೆಂಡತಿ ಬೆರಳು ಮಡಿಸಿ ಎಣಿಸತೊಡಗಿದಳು. ಯಾವ ಅಂಗಳವೂ ತಪ್ಪಿರಲಿಲ್ಲ. ಕಡೆಗೆ ವೆಸ್ಟಾ ಕ್ರೋ ಬಾಯಿ ಬಿಟ್ಟಳು.

"ಆರ್ವಿಲ್ ಯಾವ ಕೆಲಸಾನೂ ಅರ್ಧಕ್ಕೆ ಬಿಟ್ಟೋನಲ್ಲ," ಎಂದಳು. "ಬದುಕಿದ್ದಾಗ ನನ್ನ ಕೊಳವೆ ಒಡೆದ. ಈಗ ಮರ."

ಮೊದಲು ನಕ್ಕವನು ಪಾದ್ರಿ. ಆಮೇಲೆ ತಡೆಯಲು ಯಾರಿಗೂ ಆಗಲಿಲ್ಲ. ಓಮಾ ನಗುತ್ತ ನಗುತ್ತ ಆ ಕುರ್ಚಿಯಲ್ಲಿ ಕೂತಳು. ನಗು ಯಾವಾಗ ಅಳುವಾಯಿತೋ ಅವಳಿಗೇ ತಿಳಿಯಲಿಲ್ಲ. ಹೋಯ್ಟ್ ಮಾತ್ರ ನಗಲಿಲ್ಲ.

ಆ ಮಧ್ಯಾಹ್ನವೇ ಸಸಿಗಳನ್ನು ಗೋಣಿಯ ಸಮೇತ ಸುಟ್ಟರು. ಗುಂಡಿ ಮುಚ್ಚಲು ಹೋಯ್ಟ್ ಯಾರನ್ನೂ ಬಿಡಲಿಲ್ಲ. ತಾನೂ ಮುಚ್ಚಲಿಲ್ಲ. ಮಳೆ ಬಂದು ಮೂವತ್ತೆರಡರಲ್ಲೂ ನೀರು ನಿಂತು ಕಪ್ಪೆ ಸೇರಿದವು. ಎರಡು ಭಾನುವಾರ ಪ್ರಾರ್ಥನೆಗೆ ಕಪ್ಪೆಗಳದೇ ಹಿಮ್ಮೇಳ. ಪಾದ್ರಿಯ ಒಂದು ಕಾಲು ಗುಂಡಿಗೆ ಬಿದ್ದ ಮೇಲೆ ಹೋಯ್ಟ್ ಒಬ್ಬನೇ ಬಂದು ಒಂದೊಂದಾಗಿ ಮುಚ್ಚಿದ. ಓಮಾಳ ಜೊತೆ ಮಾತು ಬಿಟ್ಟಿದ್ದ. ಜೂನ್ ಕೊನೆಯಲ್ಲಿ ಒಂದು ದಿನ ಗರಗಸ ತಂದು, ಮಾತಿಲ್ಲದೆ, ಅವಳ ಅಂಗಳದಲ್ಲಿ ಸತ್ತ ಮೂರು ಹೊಸ ಮರ ಕಡಿದು ಹಾಕಿದ. ಹೋಗುವಾಗ ನಿಂತ.

"ನನಗೆ ಹೇಳ್ತಿದ್ನಾ ಅವನು?" ಎಂದ. "ಗೊತ್ತಾಗಿದ್ರೆ?"

"ಹೇಳ್ತಿದ್ದ. ಮೊದಲು ನಿನ್ನದೇ ತಪ್ಪು ಅಂತ ಒಂದು ತಿಂಗಳು ವಾದ ಮಾಡಿ, ಆಮೇಲೆ ಹೇಳ್ತಿದ್ದ."

ಅದು ನಿಜ ಎಂದು ಹೋಯ್ಟ್ ಒಪ್ಪಿಕೊಂಡ.

ಓಮಾ ಮತ್ತೆ ಮನೆಮನೆಗೆ ಹೋದಳು. ಈ ಸಲ ಕೈಯಲ್ಲಿ ಪಾತ್ರೆಯಿಲ್ಲ, ಕೊಂಬೆ ಕತ್ತರಿ. ಏನು ಕತ್ತರಿಸಬೇಕು, ಏನು ಸುಡಬೇಕು, ಎಲೆಯ ಮೇಲೆ ನೀರು ಹಾಕಬೇಡಿ, ಬುಡಕ್ಕೆ ಹಾಕಿ ಎಂದು ತೋರಿಸಿದಳು. ಕೆಲವರು ಮಾಡಿದರು. ಕೆಲವರು ಚಳಿ ಹೊಡೆದಿದೆ ಎಂದೇ ಕೂತರು. ಹೊಸ ಮೂವತ್ತೇಳರಲ್ಲಿ ಒಂಬತ್ತು ಉಳಿದವು. ಹಳೆಯವು ಬಿಸಿಲಿದ್ದ ಕಡೆ ಹೆಚ್ಚೂಕಮ್ಮಿ ಉಳಿದವು. ಮೇಲಿನ ಕಾಡಿನಲ್ಲಿ ಒಂದೂ ಇಲ್ಲ. ಈಗ ಏಪ್ರಿಲ್‌ನಲ್ಲಿ ಬೆಟ್ಟದ ಕಡೆ ನೋಡಿದರೆ ಬಿಳಿಯೇ ಕಾಣುವುದಿಲ್ಲ. ಜನ ಆ ಕಡೆ ನೋಡುವುದನ್ನೇ ಬಿಟ್ಟಿದ್ದಾರೆ.

ರೋಗಕ್ಕೆ ಕಚೇರಿಯವರು ಕೊಟ್ಟ ಹೆಸರು ಯಾರ ಬಾಯಿಗೂ ಬರಲಿಲ್ಲ. ಕಣಿವೆಯವರು ಅದನ್ನು ಆರ್ವಿಲ್ ಚಳಿ ಎಂದು ಕರೆದರು. ಮೊದಲ ಸಲ ಅಂಗಡಿಯಲ್ಲಿ ಅದು ಕಿವಿಗೆ ಬಿದ್ದಾಗ ಓಮಾ ಕೊಂಡ ಸಾಮಾನು ಅಲ್ಲೇ ಬಿಟ್ಟು ಮನೆಗೆ ಬಂದಳು. ಅವಳು ಹೆದರಿದ್ದದ್ದು ಅದಕ್ಕೇ. ಎರಡು ದಿನ ಯಾರಿಗೂ ಬಾಗಿಲು ತೆರೆಯಲಿಲ್ಲ. ಆಮೇಲೆ ವೆಸ್ಟಾ ಸಾಮಾನು ತಂದುಕೊಟ್ಟು, ನಮ್ಮ ಮರಕ್ಕೆ ಆರ್ವಿಲ್ ಚಳಿ ಕೊಂಚ ಇಳಿದಿದೆ ಕಣೇ, ಬಂದು ನೋಡು ಎಂದಳು. ಜ್ವರ ಇಳಿದ ಮಗುವಿನ ಸುದ್ದಿ ಹೇಳುವಂತೆ ಹೇಳಿದಳು. ಅದರಲ್ಲಿ ಹಗೆ ಇರಲಿಲ್ಲ. ಈಗ ಓಮಾ ಕೂಡ ಹಾಗೇ ಅನ್ನುತ್ತಾಳೆ. ವಸಂತದಲ್ಲಿ ದಿನಕ್ಕೆ ಹತ್ತು ಸಲ ಅವನ ಹೆಸರು ಬರುತ್ತದೆ. ಸತ್ತ ಎಷ್ಟು ಗಂಡಂದಿರ ಹೆಸರು ಅಷ್ಟು ಸಲ ಬರುತ್ತದೆ?

ಅಡುಗೆಮನೆ ಕಿಟಕಿಯ ಮುಂದಿನ ಮರಕ್ಕೆ ಕೆಳಗಿನ ಕೊಂಬೆಗಳಿಲ್ಲ. ಹೋಯ್ಟ್ ಏಣಿ ಹಾಕಿ ಕತ್ತರಿಸಿದ. ಮೇಲೆ ಚೆನ್ನಾಗಿದೆ. ಆದರೆ ಮರಕ್ಕೆ ಬುದ್ಧಿಯಿಲ್ಲ, ಕಾಂಡದಿಂದ ದಿನವೂ ಎಳೆ ಚಿಗುರು ಚಾಚುತ್ತದೆ. ಇಬ್ಬನಿ ಆರುವ ಹೊತ್ತಿಗೆ ಓಮಾ ಹೊರಗೆ ಬರುತ್ತಾಳೆ. ಬುಡದಿಂದ ತಲೆಯೆತ್ತರದ ತನಕ ಕಾಂಡದ ಸುತ್ತ ಕೈಯಾಡಿಸಿ, ಚಿಗುರು ಸಿಕ್ಕಿದಲ್ಲಿ ಹೆಬ್ಬೆರಳಿನಿಂದ ಒತ್ತಿ ಮುರಿಯುತ್ತಾಳೆ. ನೆಲದ ಮೇಲಿನ ಎಲೆಗಳನ್ನು ಆರಿಸಿ ಉಡಿಯಲ್ಲಿ ಹಾಕಿಕೊಳ್ಳುತ್ತಾಳೆ. ಒಳಗೆ ಹೋಗಿ ಎಲ್ಲವನ್ನೂ ಒಲೆಗೆ ಹಾಕಿ, ಅದರ ಮೇಲೆ ಕಾಫಿಗೆ ನೀರು ಇಡುತ್ತಾಳೆ.